‘ಸಾಕು’ ಎನ್ನಲು ಕಲಿತ ಚಳಿಗಾಲ

ಮೊನ್ನೆ ಭಾನುವಾರ ಕಾರಿನ ಟೈರು ಬದಲಿಸುವ ದಿನ. ಕೆನಡಾದ ಬರ್ಲಿಂಗ್ಟನ್ನಿನ ನಮ್ಮ ಮನೆಯಲ್ಲಿ ನವೆಂಬರ್ ಬಂತೆಂದರೆ ಇದು ತಪ್ಪಿದ್ದಲ್ಲ. ಬೇಸಿಗೆಯ ಟೈರು ಒಳಗೆ, ಚಳಿಗಾಲದ ಟೈರು ಹೊರಗೆ, ನಡುವೆ ನನ್ನ ಗಂಡ ಪ್ರಕಾಶನ ಗೊಣಗಾಟ. ಗರಾಜಿನ ಶೆಲ್ಫಿನಲ್ಲಿ ಜಾಗ ಮಾಡುತ್ತಿದ್ದಾಗ ಮೇಲಿನಿಂದ ಒಂದು ನೀಲಿ ಚೀಲ ನನ್ನ ಹೆಗಲ ಮೇಲೆ ಬಿತ್ತು. ಜಿಪ್ ಎಳೆದೆ. ಚಪ್ಪಲಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಬರುತ್ತದಲ್ಲ, ಅಂಟು ಮತ್ತು ರಬ್ಬರು ಸೇರಿದ ವಾಸನೆ, ಅದು ಮುಖಕ್ಕೆ ಬಡಿಯಿತು. ಅದರ ಜೊತೆಗೆ ತುಸು ಕಟ್ಟಿಗೆ ಒಲೆಯ ಹೊಗೆ. ಟೈರನ್ನು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಚೀಲದಲ್ಲಿದ್ದದ್ದು ಸ್ಕಿನ್. ಸ್ಕೀ ಹಲಗೆಯಷ್ಟೇ ಉದ್ದದ, ಅಂಗೈ ಅಗಲದ ಎರಡು ಪಟ್ಟಿಗಳು. ಒಂದು ಬದಿಗೆ ಅಂಟು, ಇನ್ನೊಂದು ಬದಿಗೆ ಬೆಕ್ಕಿನ ಮೈಯಂಥ ಒತ್ತಾದ ಕೂದಲು. ಅಂಟಿನ ಬದಿಯನ್ನು ಸ್ಕೀ ಕೆಳಗೆ ಹಚ್ಚಿದರೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹೀಗೆ ಮೇಲಕ್ಕೆ ಒಯ್ಯುವ ತಂತಿ ಕುರ್ಚಿಯ ಹಂಗಿಲ್ಲದೆ, ಹಿಮ್ಮಡಿ ಎತ್ತಿ ಎತ್ತಿ ಇಡುತ್ತಾ, ಎಂಥ ಹಿಮದ ಬೆಟ್ಟವನ್ನಾದರೂ ಹತ್ತಬಹುದು. ತುದಿ ತಲುಪಿದ ಮೇಲೆ ಪಟ್ಟಿ ಕಿತ್ತು, ಮಡಚಿ, ಎದೆಯ ಹತ್ತಿರ ಜಾಕೆಟ್ಟಿನೊಳಗೆ ಇಟ್ಟುಕೊಂಡು ಇಳಿಯುವುದು. ಐವತ್ತು ದಾಟಿದ ಧಾರವಾಡದ ಹೆಣ್ಣುಮಗಳೊಬ್ಬಳು ಇದನ್ನೆಲ್ಲ ಯಾಕೆ ಕಲಿತಳು ಎಂದು ನಮ್ಮ ಬಳಗದವರು ಈಗಲೂ ಕೇಳುತ್ತಾರೆ. ಯಾರೋ ಕರೆದರು, ನನಗೆ ಒಲ್ಲೆ ಅನ್ನಲು ಬರಲಿಲ್ಲ.

ಕರೆದವಳು ವಿದ್ಯಾ. ಬೆಳಗಾವಿಯವಳು, ವುಡ್‌ಬ್ರಿಡ್ಜಿನಲ್ಲಿ ಮನೆ, ಸ್ಕೂಲ್ ಬಸ್ಸು ಓಡಿಸುತ್ತಾಳೆ. ಕನ್ನಡದವರ ಕಾರ್ಯಕ್ರಮಗಳಿಗೆ ನೂರೈವತ್ತು ಜನರ ಸಾರು ಕುದಿಸುವ ಕೆಲಸದಲ್ಲಿ ನನಗೆ ಜೊತೆಯಾದವಳು. ಅವಳ ಮಗಳು ಮೇಘನಾ ಪಶ್ಚಿಮದ ಬೆಟ್ಟಗಳ ಕಡೆ ಓದಲು ಹೋಗಿ, ಓದಿನ ಜೊತೆಗೆ ಈ ಸ್ಕೀ ಹುಚ್ಚನ್ನೂ ಹಿಮಕುಸಿತದ ತರಬೇತಿಯನ್ನೂ ಮುಗಿಸಿಕೊಂಡು ನಾಲ್ಕು ವರ್ಷದ ಹಿಂದೆ ಮನೆಗೆ ವಾಪಸಾಗಿದ್ದಳು. ಆಗ ಇಪ್ಪತ್ತನಾಲ್ಕರ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ವಿದ್ಯಾ ಫೋನಿನಲ್ಲಿ ಮುಚ್ಚುಮರೆ ಮಾಡಲಿಲ್ಲ. "ಮನ್ಯಾಗ ಇದ್ರ ರೂಮಿನ ಬಾಗಲಾ ಹಾಕ್ಕೊಂಡ ಕುಂದ್ರತಾಳ. ಗುಡ್ಡದಾಗ ಬಾಗಲಾ ಎಲ್ಲಿಂದ ಬರ್ಬೇಕು? ನಾ ಹೊಂಟೀನಿ. ನೀನೂ ಬಾ, ಒಬ್ಬಾಕಿಗೇ ಅಂಜಿಕಿ ಆಗತೈತಿ," ಎಂದಳು.

ನಾಲ್ಕನೆಯವರು ಸದಾನಂದಣ್ಣ. ಕಾಪುವಿನ ಕಡೆಯವರು, ಮನೆಮಾತು ತುಳು, ಮಾಲ್ಟನ್ನಿನಲ್ಲಿ ವಾಸ. ಏರ್‌ಪೋರ್ಟಿನಲ್ಲಿ ವಿಮಾನದ ರೆಕ್ಕೆಗಳ ಮೇಲೆ ಕೂತ ಐಸನ್ನು ಔಷಧಿ ಸಿಂಪಡಿಸಿ ಕರಗಿಸುವ ಕೆಲಸ. ಸಾರಿನ ಪಾತ್ರೆಯ ಮುಂದೆ ನಮ್ಮ ಮಾತು ಕೇಳಿಸಿಕೊಂಡವರೇ ತಾವೂ ಬರುವುದಾಗಿ ಹೊರಟರು. "ಇಪ್ಪತ್ತು ವರ್ಷ ಐಸ್ ಓಡ್ಸಿದವ ನಾನು. ಒಂದು ದಿನ ಅದರ ಮನೆಗೇ ಹೋಗಿ ಬರುವ ಅಂತ," ಎಂದರು. ಐವತ್ತೇಳು ವಯಸ್ಸು, ಸಕ್ಕರೆ ಕಾಯಿಲೆ, ಬಾಯಿ ತೆರೆದರೆ ತಮಾಷೆ.

ಅವರ ಹೆಂಡತಿ ವಾಸಂತಕ್ಕ ತಮಾಷೆಯ ಹೆಂಗಸಲ್ಲ. ಡಿಸೆಂಬರಿನಲ್ಲಿ ನನ್ನನ್ನು ಮನೆಗೆ ಕರೆಸಿ, ಅಡುಗೆಮನೆಯ ಬಾಗಿಲು ಸ್ವಲ್ಪ ಮುಂದೆ ಮಾಡಿ, ನೇರ ವಿಷಯಕ್ಕೆ ಬಂದರು.

"ನೋಡು ಶೈಲಾ, ಶುಗರಿನಿಂದ ಇವರ ಕಾಲಿಗೆ ಸ್ಪರ್ಶ ಕಮ್ಮಿ ಉಂಟು. ಡಾಕ್ಟ್ರು ಹೋಗ್ಬಹುದು ಅಂದಿದ್ದಾರೆ, ಕಾಲು ಮಾತ್ರ ಒಣಗಿರ್ಬೇಕು, ಬೆಚ್ಚಗಿರ್ಬೇಕು. ಇವರ ಬಾಯಿಂದ ಮಾತ್ರ ‘ನನ್ಗೆ ಆಗುದಿಲ್ಲ’ ಅಂತ ಯಾವತ್ತೂ ಬರುದಿಲ್ಲ. ಕೆಲಸದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ನೀನು ನೋಡಿ ಹೇಳ್ಬೇಕು. ಆಗ್ತದಾ?"

"ಆಗತದ್ರೀ ಅಕ್ಕಾರ. ನಾ ನೋಡ್ಕೋತೀನಿ," ಎಂದೆ. ಅವರು ನನ್ನನ್ನೇ ಆರಿಸಿದ್ದಕ್ಕೆ ಕಾರಣ ನನ್ನ ಕೆಲಸವಿರಬೇಕು. ನಾನು ಡಬ್ಬಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ನೋಡುವವಳು. ದಿನವಿಡೀ ಬೆಲ್ಟಿನ ಮುಂದೆ ನಿಂತು ಸರಿಯಿಲ್ಲದ ಡಬ್ಬಿಗಳನ್ನು ಎತ್ತಿ ಪಕ್ಕಕ್ಕೆ ಎಸೆಯುತ್ತೇನೆ. ಡಬ್ಬಿಗೆ ಬೇಡ ಅನ್ನುವುದು ಬೇರೆ, ಮನುಷ್ಯರಿಗೆ ಅನ್ನುವುದು ಬೇರೆ ಎಂದು ವಾಸಂತಕ್ಕನಿಗೆ ಆಗ ನಾನು ಹೇಳಬೇಕಿತ್ತು.

ಆ ಡಿಸೆಂಬರಿನ ಶನಿವಾರಗಳೆಲ್ಲ ಎಸ್ಕಾರ್ಪ್‌ಮೆಂಟ್ ಎಂಬ ಕಡಿದಾದ ಏರಿನ ಕಾಡಿನಲ್ಲಿ ಬೀಳುವುದರಲ್ಲಿ ಕಳೆದವು. ನಮ್ಮ ಕಡೆ ಅದಕ್ಕಿಂತ ದೊಡ್ಡ ಏರು ಇಲ್ಲ, ಅದನ್ನೂ ಬೆಟ್ಟ ಎನ್ನಲು ನಾಚಿಕೆಯಾಗಬೇಕು. ವಿದ್ಯಾ ಬಸ್ಸನ್ನು ಹಿಂದಕ್ಕೆ ತೆಗೆಯುವ ಗತ್ತಿನಲ್ಲಿ ಸ್ಕೀ ತಿರುಗಿಸಲು ಹೋಗಿ ಮೇಪಲ್ ಮರಗಳನ್ನು ಒಂದೊಂದಾಗಿ ತಬ್ಬಿಕೊಂಡಳು. ಸದಾನಂದಣ್ಣ ಬಿದ್ದಲ್ಲೇ ಮಲಗಿ ಆಕಾಶ ನೋಡುತ್ತಾ, "ಇಲ್ಲಿಂದ ವ್ಯೂ ಚಂದ ಉಂಟು ಮಾರಾಯ್ರೆ," ಎನ್ನುತ್ತಿದ್ದರು. ನಾನು ಬೀಳುವ ಮೊದಲೇ ಕ್ಷಮೆ ಕೇಳುತ್ತಿದ್ದೆ. ಮೇಘನಾ ಯಾರನ್ನೂ ಕಂಡು ನಗಲಿಲ್ಲ. ಎದ್ದು ನಿಲ್ಲುವುದು ಹೇಗೆ ಎಂಬುದನ್ನು ನಮಗೆ ಹತ್ತು ಸಲ ತೋರಿಸಿದಳು. ಮಗಳು ತಾಯಿಯ ಸೊಂಟ ಹಿಡಿದು ಏಳಿಸುವಾಗ ವಿದ್ಯಾಳ ಮುಖದಲ್ಲಿ ಕಂಡ ಸಂತೋಷ ನೋಡಿ, ಇವಳು ಬೇಕೆಂದೇ ಬೀಳುತ್ತಿದ್ದಾಳೇನೋ ಎಂದು ನನಗೆ ಅನುಮಾನ ಬಂದದ್ದೂ ಉಂಟು.

ಜನವರಿಯಲ್ಲಿ ಸರೋವರದ ಪಕ್ಕದ ಪಾರ್ಕಿನಲ್ಲಿ ಹುಡುಕುವ ಪಾಠ ನಡೆಯಿತು. ಹಿಮ ಕುಸಿದು ಯಾರಾದರೂ ಹೂತುಹೋದರೆ ಅವರ ಎದೆಗೆ ಕಟ್ಟಿದ ಪುಟ್ಟ ಯಂತ್ರ ಸಂಕೇತ ಕಳಿಸುತ್ತಿರುತ್ತದೆ, ಉಳಿದವರ ಯಂತ್ರ ಅದನ್ನು ಹಿಡಿಯುತ್ತದೆ. ಅಂಥ ಒಂದು ಯಂತ್ರವನ್ನು ವಿದ್ಯಾಳ ಮಸಾಲೆ ಡಬ್ಬಿಯಲ್ಲಿಟ್ಟು ಹೂಳುತ್ತಿದ್ದೆವು. ಪ್ರತಿ ಸಲವೂ ಮೊದಲು ಹುಡುಕಿ ತೆಗೆಯುತ್ತಿದ್ದವರು ಸದಾನಂದಣ್ಣ. ಡಬ್ಬಿ ತೆರೆದು ಮೂಸಿ ನೋಡಿ, "ಜೀವ ಉಂಟು, ಸ್ವಲ್ಪ ಧನಿಯಾ ಜಾಸ್ತಿ," ಎಂದು ವರದಿ ಒಪ್ಪಿಸುತ್ತಿದ್ದರು.

ಆ ದಿನವೇ ಮೇಘನಾ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಒಂದು ನಿಯಮ ಹೇಳಿದಳು. ಬೆಟ್ಟದಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ನಾಲ್ವರಲ್ಲಿ ಒಬ್ಬರು ಸಾಕು ಅಂದರೂ ಸಾಕು, ನಾಲ್ವರೂ ತಿರುಗಬೇಕು. ಯಾಕೆ ಅಂತ ಯಾರೂ ಕೇಳಬಾರದು, ಹೇಳಿದವರು ಕಾರಣ ಕೊಡಬೇಕಾಗಿಲ್ಲ. "ನೋ ರೀಸನ್ ನೀಡೆಡ್. ನಾಟ್ ಈವನ್ ಲೇಟರ್ ಇನ್ ದ ಕಾರ್," ಎಂದು ತಾಯಿಯ ಕಡೆ ಬೆರಳು ತೋರಿಸಿದಳು.

"ಆತವ್ವಾ, ಆತು," ಎಂದಳು ವಿದ್ಯಾ. ನಾವು ಮೂವರೂ ಜಾಣ ವಿದ್ಯಾರ್ಥಿಗಳಂತೆ ತಲೆಯಾಡಿಸಿದೆವು.

ತಲೆಯಾಡಿಸುವುದು ನಮಗೆ ಚೆನ್ನಾಗಿ ಬರುತ್ತದೆ. ಊಟಕ್ಕೆ ಕೂತರೆ ಹೊಟ್ಟೆ ಹಸಿದಿದ್ದರೂ ಎರಡು ಸಲ ಬೇಡ ಅನ್ನುತ್ತೇವೆ. ಹೊಟ್ಟೆ ತುಂಬಿದ ಮೇಲೆ ಬಡಿಸಿದರೆ ಸುಮ್ಮನೆ ತಿನ್ನುತ್ತೇವೆ. ಎಲ್ಲಿಗೆ ಹೋಗೋಣ ಎಂದು ಕೇಳಿದರೆ ‘ನೀವು ಹೇಗಂತೀರೋ ಹಾಗೆ’. ಅವರೂ ಅದನ್ನೇ ಅಂದರೆ, ಇಬ್ಬರಿಗೂ ಬೇಡವಾದ ಕಡೆಗೆ ಇಬ್ಬರೂ ಹೋಗಿ ನಗುನಗುತ್ತಾ ಬರುತ್ತೇವೆ. ಇಂಥ ಜನರ ಕೈಯಲ್ಲಿ ಆ ಹುಡುಗಿ ಒಂದು ಒಳ್ಳೆಯ ನಿಯಮ ಕೊಟ್ಟಳು.

ಫೆಬ್ರವರಿಯ ಮೂರನೆಯ ವಾರ ಹೊರಟೆವು. ಕ್ವಿಬೆಕ್ಕಿನ ಪೂರ್ವದ ತುದಿಯಲ್ಲಿ ಶಿಕ್-ಶಾಕ್ ಎಂಬ ಬೆಟ್ಟಸಾಲು ಇದೆ. ನಮ್ಮಲ್ಲಿಂದ ಹದಿನಾಲ್ಕು ಗಂಟೆಯ ದಾರಿ, ನಡುವೆ ಒಂದು ರಾತ್ರಿ ಮೋಟೆಲಿನಲ್ಲಿ. ವಿದ್ಯಾ ಸ್ಟಿಯರಿಂಗ್ ಯಾರಿಗೂ ಕೊಡಲಿಲ್ಲ. ಬಲಗಡೆ ಬೆಟ್ಟ, ಎಡಗಡೆ ಸಮುದ್ರದಷ್ಟು ಅಗಲವಾದ, ಐಸಿನ ಹಲಗೆಗಳು ತೇಲುವ ನದಿ. ಸದಾನಂದಣ್ಣ ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು. ಕಡಲ ಕರೆಯಲ್ಲಿ ಹುಟ್ಟಿದವರಿಗೆ ನೀರು ಕಂಡರೆ ಮಾತು ಕಡಿಮೆಯಾಗುತ್ತದೆಂದು ನನಗೆ ಗೊತ್ತಾದದ್ದು ಆಗ.

ಕಾರು ನಿಲ್ಲಿಸಿ ಬೆನ್ನಿಗೆ ಚೀಲ ಏರಿಸಿ ಮೂರು ಗಂಟೆ ನಡೆದ ಮೇಲೆ ನಮ್ಮ ಗುಡಿಸಲು ಸಿಕ್ಕಿತು. ಮರದ ಗೋಡೆ, ಕಟ್ಟಿಗೆ ಒಲೆ, ನಾಲ್ಕು ಮಲಗುವ ಹಲಗೆ, ಅಪಾಯಕ್ಕೆಂದು ಒಂದು ರೇಡಿಯೋ. ದಾರಿಯಲ್ಲಿ ಒಂದು ತೊರೆ ಅಡ್ಡ ಬಂದಿತ್ತು. ಮೇಲೆ ಹಿಮದ ಸೇತುವೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಮೂವರು ದಾಟಿದೆವು, ಕೊನೆಗೆ ಬಂದ ಸದಾನಂದಣ್ಣನ ಎಡಗಾಲು ಮೊಣಕಾಲವರೆಗೆ ಇಳಿಯಿತು. ಮೇಲಕ್ಕೆ ಎಳೆದುಕೊಂಡು, "ಎಂತ ಇಲ್ಲ, ಎಂತ ಇಲ್ಲ, ಒಳಗೆ ಹೋಗ್ಲಿಲ್ಲ," ಎಂದರು. ನಾವು ನಂಬಿದೆವು.

ಆ ಸಂಜೆಯಷ್ಟು ಸುಖವಾದ ಸಂಜೆ ನನ್ನ ಜೀವನದಲ್ಲಿ ಹೆಚ್ಚಿಲ್ಲ. ವಿದ್ಯಾಳ ಚಪಾತಿ, ನನ್ನ ಶೇಂಗಾ ಹಿಂಡಿ, ವಾಸಂತಕ್ಕ ಕಟ್ಟಿಕೊಟ್ಟ ಕುಚ್ಚಲಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ. ಹೊರಗೆ ಹಿಮ ಬೀಳುವ ಸದ್ದು ಕೂಡ ಇಲ್ಲದಷ್ಟು ಮೌನ. ಒಲೆಯ ಮೇಲಿನ ತಂತಿಗೆ ನಾಲ್ಕು ಕೊಕ್ಕೆಗಳಿದ್ದವು, ಎರಡು ಸರಿಯಾಗಿ ಬೆಂಕಿಯ ಮೇಲೆ, ಎರಡು ದೂರದಲ್ಲಿ ಬಾಗಿಲ ಬಳಿ. ಸಾಕ್ಸು, ಗ್ಲೌಸು, ಬೂಟಿನ ಒಳಗಿನ ಬಟ್ಟೆಬೂಟು ಎಲ್ಲ ಅಲ್ಲಿ ನೇತಾಡುತ್ತಿದ್ದವು. ಮೇಘನಾ ಹಾಡೊಂದನ್ನು ಗುನುಗುತ್ತಾ ತಾಯಿಯ ಬೆನ್ನಿಗೆ ಒರಗಿ ಕೂತಿದ್ದಳು. ವಿದ್ಯಾ ಅಲುಗಾಡದೆ, ಕೆಮ್ಮು ಬಂದರೂ ಕೆಮ್ಮದೆ, ಒಂದು ಗಂಟೆ ಹಾಗೆಯೇ ಕೂತಳು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಹೊರಟೆವು. ಮೈನಸ್ ಇಪ್ಪತ್ತೆರಡು, ಆಕಾಶ ಸ್ವಚ್ಛ, ಮರಗಳ ನಡುವೆ ಗಾಳಿಯಿಲ್ಲ. ಎದುರಿನ ದಿಣ್ಣೆಯ ತುದಿ ತಲುಪುವುದು, ಎಲ್ಲಿದ್ದರೂ ಒಂದು ಗಂಟೆಗೆ ತಿರುಗುವುದು ಎಂದು ಮೇಘನಾ ಲೆಕ್ಕ ಹಾಕಿದ್ದಳು. ನಾನು ಎರಡನೆಯವಳಾಗಿ ನಡೆಯುತ್ತಿದ್ದೆ. ಸ್ಕೀ ಮುಂದೆ ಜಾರುವ ಸದ್ದು, ನನ್ನದೇ ಉಸಿರು, ಫರ್ ಮರದ ವಾಸನೆ. ಇಷ್ಟು ವರ್ಷ ಈ ದೇಶದ ಚಳಿಗಾಲವನ್ನು ಕಿಟಕಿಯಿಂದ ಬೈದುಕೊಂಡೇ ಕಳೆದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಹತ್ತೂವರೆಗೆ ಮರಗಳು ಮುಗಿಯುವಲ್ಲಿ ನಿಂತೆವು. ಸದಾನಂದಣ್ಣ ಹಿಂದೆ ಉಳಿದಿದ್ದವರು ಬಂದು, ಎಡಗಾಲಿನ ಬೂಟನ್ನು ಒಂದು ಮರದ ಬೊಡ್ಡೆಗೆ ಮೆಲ್ಲಗೆ ಕುಟ್ಟಿದರು. ಮತ್ತೆ ಕುಟ್ಟಿದರು. ವಿದ್ಯಾ ಚಪಾತಿ ಸುರುಳಿ ಕೊಟ್ಟರೆ ತೆಗೆದುಕೊಂಡು ಜೇಬಿಗೆ ಹಾಕಿದರು. ತಮಾಷೆಯ ಒಂದು ಮಾತಿಲ್ಲ. ನದಿಯ ಪಕ್ಕದ ಆ ದಾರಿಯೊಂದನ್ನು ಬಿಟ್ಟರೆ, ಮೂರು ತಿಂಗಳಲ್ಲಿ ಅವರ ಬಾಯಿ ಹತ್ತು ನಿಮಿಷ ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ನೋಡಿದೆ. ಅವರ ಕಾಲು ಸರಿಯಿಲ್ಲವೆಂದು ನನಗೆ ಆ ಕ್ಷಣ ಗೊತ್ತಾಯಿತು. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಬಹಳ ದಿನ ಇದನ್ನು ಯಾರಿಗೂ ಹೇಳಿರಲಿಲ್ಲ.

ಮೇಘನಾ ನಿಯಮದಂತೆ ಎಲ್ಲರ ಮುಖ ನೋಡುತ್ತಾ ಕೇಳಿದಳು. "ಓಕೆ, ಎವ್ರಿಬಡಿ ಗುಡ್? ಅಂಕಲ್?"

"ಹೋಗುವ, ಹೋಗುವ," ಎಂದರು ಸದಾನಂದಣ್ಣ.

"ನಾ ಆರಾಮ್ ಅದೀನಿ. ನಿಮ್ಮದ ನೋಡ್ರಿ," ಎಂದಳು ವಿದ್ಯಾ.

"ಶೈಲಾ ಆಂಟಿ?"

"ನನ್ನದೇನ್ ಇಲ್ಲವಾ. ನೀವೆಲ್ಲಾ ಹೆಂಗಂತೀರಿ ಹಂಗ," ಎಂದೆ.

ಯಾಕೆ ಹಾಗಂದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ವಿದ್ಯಾ ಕಷ್ಟಪಟ್ಟು ರಜೆ ಹಾಕಿ ಬಂದಿದ್ದಳು, ಮೇಘನಾ ತಿಂಗಳುಗಟ್ಟಲೆ ನಕಾಶೆ ಹಿಡಿದು ಕೂತಿದ್ದಳು. ಎಲ್ಲರೆದುರು ಕಾಲಿನ ಮಾತೆತ್ತಿದರೆ ಸದಾನಂದಣ್ಣನಿಗೆ ಅವಮಾನವಾದೀತು. ನಾನೇ ಸುಸ್ತಾಗಿ ನೆವ ಹುಡುಕುತ್ತಿದ್ದೇನೆ ಅಂದುಕೊಂಡಾರು. ಇವೆಲ್ಲ ನಿಜ. ಇವುಗಳ ಕೆಳಗೆ ಇನ್ನೊಂದು ನಿಜವಿತ್ತು: ನನಗೂ ಆ ತುದಿ ಬೇಕಿತ್ತು. ಕಣ್ಣೆದುರೇ ಬೆಳ್ಳಗೆ ಹೊಳೆಯುತ್ತಾ ನಿಂತಿತ್ತು.

ಮುಂದೆ ಸುಮಾರು ಒಂದೂವರೆ ಗಂಟೆ ಹತ್ತಿದೆವು. ಮರಗಳಾಚೆ ಗಾಳಿ ಶುರುವಾಯಿತು. ನಾನು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದೆ, ಪ್ರತಿ ಸಲ ಅವರು ಕೋಲು ಎತ್ತಿ ಹೋಗಿ ಹೋಗಿ ಎಂದು ಸನ್ನೆ ಮಾಡುತ್ತಿದ್ದರು. ಒಂದು ಕಡೆ ದಾರಿ ಅಡ್ಡಡ್ಡ ತಿರುಗುತ್ತದೆ, ಒಂದು ಸ್ಕೀ ಎತ್ತಿ ಪೂರ್ತಿ ಹಿಂದಕ್ಕೆ ತಿರುಗಿಸಿ ಇಡಬೇಕು. ಅವರು ಎಡಗಾಲು ಎತ್ತಿ ಇಟ್ಟರು, ಅದು ಎಲ್ಲಿ ಕೂತಿತೆಂದು ಅವರಿಗೇ ತಿಳಿಯಲಿಲ್ಲ. ಮರದ ಕೊರಡಿನಂತೆ ಪಕ್ಕಕ್ಕೆ ಬಿದ್ದರು. ನಗುವ ಪ್ರಯತ್ನ ಮಾಡಿದರು, ತುಟಿ ಅಲುಗಾಡಲಿಲ್ಲ.

"ಮೇಘನಾ, ನನಗ ಸಾಕು. ಹೊಳ್ಳಿ ಹೋಗೂಣು," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಯಾಕೆ ಎಂದು ಕೇಳಿದರೆ ಹೇಳಲು ಬಾಯಲ್ಲಿ ಮೂರು ಕಾರಣ ಸಿದ್ಧವಾಗಿಟ್ಟುಕೊಂಡಿದ್ದೆ. ಆ ಹುಡುಗಿ ತುದಿಯ ಕಡೆ ಒಮ್ಮೆಯೂ ನೋಡಲಿಲ್ಲ. "ಓಕೆ. ವಿ ಆರ್ ಗೋಯಿಂಗ್ ಡೌನ್," ಎಂದು ಬಗ್ಗಿ ತನ್ನ ಸ್ಕಿನ್ ಕಿತ್ತಳು. ವಿದ್ಯಾ ಕೂಡ ತನ್ನದನ್ನು ಕೀಳಲು ಬಗ್ಗಿದಳು. ಇಷ್ಟು ಸುಲಭವಾಗಿತ್ತೇ ಎಂದು ನನಗೆ ಅಳು ಬಂತು.

ಗುಡಿಸಲಿನಲ್ಲಿ ಬೂಟು ಬಿಚ್ಚಿದಾಗ ಎಡಗಾಲಿನ ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಉಜ್ಜಬಾರದೆಂದು ಮೇಘನಾ ನಮ್ಮ ಕೈ ತಡೆದಳು, ನೀರು ಬೆಚ್ಚಗೆ ಮಾಡಿ ಮೊಣಕೈ ಅದ್ದಿ ನೋಡಿದಳು, ರೇಡಿಯೋದಲ್ಲಿ ಕರೆದಳು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಬಂತು. ಸಂಜೆಯ ಹೊತ್ತಿಗೆ ನಾವು ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದೆವು. ಬೆರಳು ಉಳಿಯುತ್ತದೋ ಇಲ್ಲವೋ ಎಂದು ಹೇಳಲು ವಾರಗಳು ಬೇಕು ಎಂದರು ಅಲ್ಲಿಯ ವೈದ್ಯೆ, ಫ್ರೆಂಚ್ ಬೆರೆತ ನಿಧಾನದ ಇಂಗ್ಲಿಷಿನಲ್ಲಿ. ಇನ್ನೊಂದು ಗಂಟೆ ತಡವಾಗಿದ್ದರೆ ಅರ್ಧ ಪಾದವೇ ಹೋಗುತ್ತಿತ್ತು, ತಿರುಗುವ ನಿರ್ಧಾರ ಮಾಡಿದವರು ಯಾರು ಎಂದೂ ಕೇಳಿದರು.

ವಿದ್ಯಾ ನನ್ನ ಹೆಗಲ ಮೇಲೆ ಕೈಯಿಟ್ಟಳು. "ಈಕಿ ಅಂದಿದ್ದಕ್ಕ ಬಚಾವಾದ್ವಿ," ಎಂದು ನಮ್ಮ ಭಾಷೆಯಲ್ಲೇ ವೈದ್ಯೆಗೆ ಹೇಳಿದಳು. ಹೆಗಲ ಮೇಲಿನ ಕೈ ನೋಡಿಯೇ ವೈದ್ಯೆಗೆ ಅರ್ಥವಾಯಿತು, ನನ್ನನ್ನು ನೋಡಿ ನಕ್ಕರು. ನಾನು ಸುಮ್ಮನೆ ಹೊಗಳಿಕೆ ತೆಗೆದುಕೊಂಡೆ. ಒಂದು ಗಂಟೆ ತಡವಾಗಿದ್ದರೆ ಎಂದು ಅವರು ಮುಂದಕ್ಕೆ ಲೆಕ್ಕ ಹಾಕಿದ್ದರು. ನಾನು ಹಿಂದಕ್ಕೆ ಹಾಕುತ್ತಿದ್ದೆ, ಹತ್ತೂವರೆಗೆ.

ಮಾಲ್ಟನ್ನಿನಲ್ಲಿ ವಾಸಂತಕ್ಕ ಬಾಗಿಲಲ್ಲೇ ನಿಂತಿದ್ದರು. ಬ್ಯಾಂಡೇಜು ಸುತ್ತಿದ ಕಾಲು ನೋಡಿದರು. ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ಇದ್ದದ್ದಕ್ಕೆ ಆಯ್ತು ಶೈಲಾ," ಎಂದರು. ಆ ಕೈಗಳಿಂದ ನನ್ನ ಕೈ ಬಿಡಿಸಿಕೊಳ್ಳಲು ನೆವ ಸಿಗದೆ, ಕಾರಿನಲ್ಲಿ ಚೀಲ ಉಳಿದಿದೆ ಎಂದು ಸುಳ್ಳು ಹೇಳಿದೆ.

ಏಪ್ರಿಲ್ ಕೊನೆಗೆ ಎಡಗಾಲಿನ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಉಳಿದ ಮೂರು ನಿಧಾನಕ್ಕೆ ಬಣ್ಣ ಹಿಡಿದವು. ಸದಾನಂದಣ್ಣನ ಕೆಲಸ ಉಳಿಯಿತು, ಐಸ್ ತೆಗೆಯುವ ಲಾರಿಯಿಂದ ಕಂಟ್ರೋಲ್ ರೂಮಿನ ಕುರ್ಚಿಗೆ ಬದಲಾಯಿತು ಅಷ್ಟೆ. ನೋಡಲು ಹೋದವರಿಗೆಲ್ಲ, "ಐಸಿನವರ ಮನೆಗೆ ಹೋಗಿದ್ದೆ, ಬರಿಗೈಯಲ್ಲಿ ಹೋಗ್ಬಾರ್ದಲ್ಲ, ಎರಡು ಬೆರಳು ಕೊಟ್ಟು ಬಂದೆ," ಎನ್ನುತ್ತಿದ್ದರಂತೆ. ನಾನು ಫೋನು ಮಾಡುತ್ತಿದ್ದೆ, ಹೋಗುತ್ತಿರಲಿಲ್ಲ.

ಜೂನಿನಲ್ಲಿ ವಾಸಂತಕ್ಕ ಊಟಕ್ಕೆ ಕರೆದರು, ತಪ್ಪಿಸಿಕೊಳ್ಳಲಾಗಲಿಲ್ಲ. ಹಿತ್ತಿಲಿನಲ್ಲಿ ಸದಾನಂದಣ್ಣ ಕುರ್ಚಿ ಹಾಕಿ ಕೂತು ಬಸಳೆ ಬಳ್ಳಿಗೆ ಕೋಲು ಕಟ್ಟುತ್ತಿದ್ದರು. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಮುಗಿಯುವವರೆಗೂ ಕಾದು ಹೇಳಿದೆ.

"ಅಣ್ಣಾರ, ನನಗ ಹತ್ತೂವರಿಗೇ ಗೊತ್ತಾಗಿತ್ತು. ನೀವು ಕಾಲು ಕುಟ್ಟೂದು ನೋಡಿದ್ದೆ. ಹೇಳಲಿಲ್ಲ."

ಅವರು ಬಳ್ಳಿಯಿಂದ ಕೈ ತೆಗೆಯಲಿಲ್ಲ. "ನನ್ಗೆ ಬೆಳಿಗ್ಗೆ ಎಂಟಕ್ಕೇ ಗೊತ್ತಿತ್ತು ಶೈಲಕ್ಕ," ಎಂದರು. "ತೊರೆಯಲ್ಲಿ ಬೂಟಿನ ಒಳಗೆ ನೀರು ಹೋಗಿತ್ತು. ಒಳಗಿನ ಬಟ್ಟೆಬೂಟನ್ನು ಒಲೆ ಮೇಲಿನ ಕೊಕ್ಕೆಗೆ ಹಾಕಿದ್ದೆ, ಆಮೇಲೆ ನೋಡ್ತೇನೆ, ನಿಮ್ಮ ಗ್ಲೌಸು ಬಾಗಿಲ ಹತ್ತಿರ ಒದ್ದೆಯಾಗಿ ನೇತಾಡ್ತಾ ಉಂಟು. ನೀವೆಲ್ಲ ಮಲಗಿದ ಮೇಲೆ ಬದ್ಲು ಮಾಡಿದೆ. ಬೆಳಿಗ್ಗೆ ನಂದು ಒಣಗಿರ್ಲಿಲ್ಲ. ನಿಮ್ಮ ಮುಖದಲ್ಲಿ ಅಷ್ಟು ಖುಷಿ ಇತ್ತು ಮಾರಾಯ್ರೆ, ಹೇಗೆ ಹೇಳುದು?"

ಆ ಬೆಳಿಗ್ಗೆ ನನ್ನ ಗ್ಲೌಸು ಬೆಚ್ಚಗಿದ್ದದ್ದು ನೆನಪಾಯಿತು. ಯಾವ ಕೊಕ್ಕೆಯಿಂದ ತೆಗೆದುಕೊಂಡೆ ಎಂದು ಆಗ ನೋಡಿಯೇ ಇರಲಿಲ್ಲ.

ಬಾಗಿಲಲ್ಲಿ ವಾಸಂತಕ್ಕ ನಿಂತಿದ್ದರು, ಕೈಯಲ್ಲಿ ನೀರಿನ ಚೊಂಬು. ಎಷ್ಟು ಕೇಳಿಸಿಕೊಂಡಿದ್ದರೋ, ಮುಖ ನೋಡಿದರೆ ಎಲ್ಲವನ್ನೂ. ದನಿ ಏರಿಸಲಿಲ್ಲ.

"ಒಳ್ಳೆದಾಯ್ತು ನಿಮ್ಮ ಮರ್ಯಾದೆ," ಎಂದರು. "ನೀವು ಅವಳ ಮುಖ ನೋಡಿದ್ರಿ, ಅವಳು ನಿಮ್ಮ ಮುಖ ನೋಡಿದ್ಳು. ಕಾಲು ಯಾರೂ ನೋಡ್ಲಿಲ್ಲ. ಬನ್ನಿ, ಊಟ ತಣ್ಣಗಾಗ್ತದೆ."

ಬಡಿಸಿದರು. ಕೊಟ್ಟೆ ಕಡುಬು, ಬಸಳೆ ಸಾರು. ನನಗೆ ಇನ್ನಷ್ಟು ಬೇಕೇ ಎಂದು ಕೇಳಲಿಲ್ಲ. ಹೊರಡುವಾಗ ಬಾಗಿಲವರೆಗೂ ಬರಲಿಲ್ಲ. ಆಮೇಲೆ ಆರು ತಿಂಗಳು ಅವರ ಫೋನಿಲ್ಲ. ನಾನು ಮಾಡಿದರೆ ಸದಾನಂದಣ್ಣನ ಕೈಗೆ ಕೊಡುತ್ತಿದ್ದರು. ಅವರ ಸಿಟ್ಟು ನ್ಯಾಯದ್ದೇ ಆಗಿತ್ತು. ಕಾರ್ಖಾನೆಯಲ್ಲಿ ಬೆಲ್ಟಿನ ಮುಂದೆ ನಿಂತು ಡಬ್ಬಿ ಎಸೆಯುವಾಗ, ವಾಸಂತಕ್ಕನಿಗೆ ನಾನು ಒಪ್ಪಿಕೊಂಡಿದ್ದ ಕೆಲಸ ಆ ಕಾಲು ನೋಡುವುದೊಂದೇ ಇತ್ತಲ್ಲ ಎಂದು ಎಷ್ಟೋ ಸಲ ಕಣ್ಣು ಮಂಜಾಗಿ, ಸರಿಯಿಲ್ಲದ ಡಬ್ಬಿ ಮುಂದೆ ಹೋದದ್ದೂ ಉಂಟು.

ಆ ಡಿಸೆಂಬರಿನಲ್ಲಿ ಮೇಘನಾ ಮೆಸೇಜು ಕಳಿಸಿದಳು: ಭಾನುವಾರ ಎಸ್ಕಾರ್ಪ್‌ಮೆಂಟ್, ಒಂದೇ ಗಂಟೆ, ಬರುವವರು ಬನ್ನಿ. ನಾನು ಹೋಗಬಾರದೆಂದುಕೊಂಡು ಹೋದೆ. ಪಾರ್ಕಿಂಗ್‌ನಲ್ಲಿ ಸದಾನಂದಣ್ಣ ಸ್ಕೀ ಹಿಡಿದು ನಿಂತಿದ್ದರು. ಡಾಕ್ಟರು ಒಪ್ಪಿದ್ದರಂತೆ, ಬಿಸಿ ಮಾಡುವ ಸಾಕ್ಸು ಹಾಕಬೇಕು, ಒಂದು ಗಂಟೆ ಮೀರಬಾರದು. ಕಾರಿನ ಮುಂದಿನ ಸೀಟಿನಲ್ಲಿ ವಾಸಂತಕ್ಕ ಥರ್ಮಾಸು ಹಿಡಿದು ನೇರ ಎದುರಿಗೆ ನೋಡುತ್ತಾ ಕೂತಿದ್ದರು. ನಾನು ಕೈಯೆತ್ತಿದೆ, ಅವರು ತಲೆಯಲುಗಿಸಿದರು.

ಬಿಸಿಲಿತ್ತು. ಹಿಂದಿನ ರಾತ್ರಿಯ ಹಿಮ ಮೆತ್ತಗೆ ಬಿದ್ದಿತ್ತು. ಸದಾನಂದಣ್ಣ ನನಗಿಂತ ಮುಂದೆ, ಚೆನ್ನಾಗಿಯೇ ಹೋಗುತ್ತಿದ್ದರು, ಹಕ್ಕಿಯೊಂದರ ಕೂಗನ್ನು ಅಣಕಿಸುತ್ತಾ. ಹದಿನೈದು ನಿಮಿಷವಾಗಿರಬೇಕು. ಮೇಘನಾ ನಿಲ್ಲಿಸಿ, ಎಲ್ಲರೂ ಸರಿಯಿದ್ದೀರಾ ಎಂದು ಕೇಳುವ ಮೊದಲೇ ಅವರು ನಿಂತರು.

"ನನ್ಗೆ ಸಾಕು. ತಿರುಗುವ," ಎಂದರು.

ಯಾರೂ ಏನೂ ಕೇಳಲಿಲ್ಲ. ಮೇಘನಾ "ಓಕೆ" ಎಂದು ತಿರುಗಿದಳು, ಅವಳ ಹಿಂದೆ ವಿದ್ಯಾ, ಕೊನೆಗೆ ನಾನು. ಬಂದ ಗುರುತಿನ ಮೇಲೇ ಇಳಿದು ಪಾರ್ಕಿಂಗ್ ತಲುಪಿದೆವು. ಅಷ್ಟು ಬೇಗ ಬಂದ ನಮ್ಮನ್ನು ನೋಡಿ ವಾಸಂತಕ್ಕ ಬಾಗಿಲು ತೆರೆದು ಓಡಿಯೇ ಬಂದರು.

"ಎಂತಾಯ್ತು? ಕಾಲಾ?"

"ಎಂತ ಆಗ್ಲಿಲ್ಲ," ಎಂದರು ಸದಾನಂದಣ್ಣ, ತಪ್ಪು ಮಾಡಿದ ಹುಡುಗನಂತೆ ನಗುತ್ತಾ. "ಹೇಳ್ಲಿಕ್ಕೆ ಬರ್ತದಾ ಅಂತ ನೋಡಿದ್ದು."

ವಾಸಂತಕ್ಕ ನಂಬಲಿಲ್ಲ. ಅವರನ್ನು ಕಾರಿನ ಹಿಂಬಾಗಿಲಲ್ಲಿ ಕೂರಿಸಿ, ತಾವೇ ಬೂಟಿನ ಕ್ಲಿಪ್ಪು ಬಿಚ್ಚಿ, ಸಾಕ್ಸು ಎಳೆದು, ಬಲಗಾಲಿನ ಐದು, ಎಡಗಾಲಿನ ಮೂರು, ಒಂದೊಂದೇ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಹೊತ್ತು ಹಿಡಿಯಿತು. ನಾನು ಸ್ಕೀಗೆ ಅಂಟಿದ ಹಿಮ ಒರೆಸುವ ನೆವದಲ್ಲಿ ದೂರ ನಿಂತಿದ್ದೆ.

"ಶೈಲಾ," ಎಂದು ಕರೆದರು. "ಇಲ್ಲಿ ಬಾ. ನೀನೂ ಮುಟ್ಟಿ ನೋಡು."

ಗ್ಲೌಸು ತೆಗೆದು, ಹಿಮದಲ್ಲಿ ಮೊಣಕಾಲೂರಿ ಕೂತು, ಅವರ ಎಡಗಾಲು ಹಿಡಿದೆ. ಬೆಚ್ಚಗಿತ್ತು. ಸದಾನಂದಣ್ಣ ಕಾಲನ್ನು ಹಿಂದಕ್ಕೆಳೆದುಕೊಂಡು ಕೂಗಿದರು.

"ಅಯ್ಯಯ್ಯೋ ಶೈಲಕ್ಕ, ಬೇಡ, ಬೇಡ! ನಿಮ್ಮ ಕೈ ಐಸ್ ಉಂಟು ಮಾರಾಯ್ರೆ!"

ವಾಸಂತಕ್ಕ ನನ್ನ ಕೈಯನ್ನು ಅಲ್ಲಿಂದ ಎತ್ತಿ ತಮ್ಮ ಸ್ವೆಟರಿನೊಳಗೆ ಇಟ್ಟುಕೊಂಡರು.